ಕಾಂಪೌಂಡರ್ ಅಪ್ಪನ ಜೇಬಿನ ಪುಸ್ತಕ

ಇಲ್ಲಿ ಫ್ರಾನ್ಸಿನ ಲಿಯೋನಲ್ಲಿ ನಮ್ ಪಕ್ಕದ್ಮನೆ ಮದಾಮ್ ರಿಟೈರ್ಡ್ ನರ್ಸು. ತೀರ್ಕೊಂಡ ಯಜಮಾನ್ರು ಹಳ್ಳಿ ಕಡೆ ಡಾಕ್ಟರಾಗಿದ್ರಂತೆ. ಮೊನ್ನೆ ಕಪಾಟು ಖಾಲಿ ಮಾಡ್ತಾ ಅವರ ಕೋಟಿನ ಜೇಬಲ್ಲಿರ್ತಿದ್ದ ಪುಟ್ಟ ಪುಸ್ತಕ ನನ್ ಮಗಳ ಕೈಗೆ ಕೊಟ್ರು. ಅಂಗೈ ಅಗಲದ್ದು, ಮೂಲೆ ಎಲ್ಲ ಸವೆದಿದೆ, ಒಳಗೆ ಔಷಧಿ ಹೆಸರು, ಯಾವ ವಯಸ್ಸಿಗೆ ಎಷ್ಟು ಡೋಸು, ವಿಷ ಕುಡಿದ್ರೆ ಮೊದ್ಲು ಏನ್ಮಾಡ್ಬೇಕು, ಎಲ್ಲ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಇಂಥ ಕೈಪಿಡಿಗೆ ಇಲ್ಲಿ ವಾದೆಮೆಕೊಮ್ ಅಂತಾರೆ, ಲ್ಯಾಟಿನ್ ಮಾತು, ಫ್ರೆಂಚಲ್ಲಿ ಬಿಡಿಸಿ ಹೇಳಿದ್ರೆ ‘ವಿಯೆಂ ಅವೆಕ್ ಮ್ವಾ’, ನನ್ ಜೊತೆ ಬಾ ಅಂತ.

ಮಗಳು ಕೇಳಿದ್ಲು, “ಅಪ್ಪಾ, ತಾತನೂ ಆಸ್ಪತ್ರೇಲಿ ಇದ್ರಲ್ಲ, ಅವರ ಹತ್ರಾನೂ ಇಂಥದ್ದಿತ್ತಾ?” ಮದಾಮ್ ಕಣ್ಣರಳಿಸಿ ನಿಮ್ಮಪ್ಪ ಫಾರ್ಮಸಿಸ್ಟಾ, ಎಲ್ಲಿ ಓದಿದ್ದು ಅಂದ್ರು. ಇಲ್ಲಿ ಫಾರ್ಮಸಿಸ್ಟ್ ಆಗ್ಬೇಕಂದ್ರೆ ಕಮ್ಮಿ ಅಂದ್ರೂ 6 ವರ್ಷ ಓದ್ಬೇಕು. ಎಸ್ಸೆಸ್ಸೆಲ್ಸಿ ಮುಗ್ಸಿ ಡಾಕ್ಟರ ಹತ್ರಾನೇ ಕೆಲ್ಸ ಕಲ್ತ ಕಾಂಪೌಂಡರ್ ಅಂದೆ. “ಓ” ಅಂದು ಸುಮ್ನಾದ್ರು. ಪಾಪ, ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಆದ್ರೂ ಆ ಓ ನನಗೆ ಚುಚ್ತು.

ಯಾಕಂದ್ರೆ ಅಪ್ಪನ ಹತ್ರ ಇತ್ತು. ಸೊರಬ ಕಡೆ ಸಣ್ಣ ಕ್ಲಿನಿಕ್ಕು, ಜನ ಮನೆಯಿಂದ್ಲೇ ಬಾಟ್ಲಿ ತೊಳ್ಕೊಂಡು ತರೋರು, ಅಪ್ಪ ಮಿಕ್ಸ್ಚರ್ ತುಂಬ್ಸಿ, ಬಿಳಿ ಕಾಗದದ ಪಟ್ಟಿಗೆ ಕತ್ತರೀಲಿ ಕಚ್ಚು ಕಚ್ಚು ಹಾಕಿ ಬಾಟ್ಲಿಗೆ ಅಂಟಿಸೋರು, ಒಂದ್ ಹೊತ್ತಿಗೆ ಒಂದ್ ಕಚ್ಚು, ಓದೋಕ್ ಬರ್ದಿದ್ದ ಅಜ್ಜಿಗೂ ಲೆಕ್ಕ ತಪ್ತಿರ್ಲಿಲ್ಲ. ಅಂಗಿ ಜೇಬಲ್ಲಿ ಒಂದು ಗೀಟಿನ ನೋಟ್‌ಬುಕ್. ಅದ್ರಲ್ಲಿ ಮಿಕ್ಸ್ಚರ್ ಅಳತೆ ಮಾತ್ರ ಅಲ್ಲ, ಯಾರಿಗೆ ಪೆನಿಸಿಲಿನ್ ಆಗಲ್ಲ, ಯಾವ ಮನೇಲಿ ಬಾಣಂತಿ ಇದಾಳೆ, ಯಾವ ಕಾಡಂಚಲ್ಲಿ ಮಂಗ ಸತ್ತಿದ್ದು ಕಂಡ್ರು. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದೇ ನಮ್ ತಾಲೂಕಿನ ಕ್ಯಾಸನೂರು ಕಾಡಲ್ಲಿ ಅಲ್ವಾ, ಹಾಗಾಗಿ ಬೇಸಿಗೆ ಹತ್ರ ಬಂದ್ರೆ ಆ ಪುಟಗಳು ತುಂಬ್ತಿದ್ವು. ಡಾಕ್ಟರು ಜ್ವರದ ಪೇಶಂಟ್ ನೋಡಿ “ಯಾವೂರೋ ಇವ್ನು” ಅಂದ್ರೆ ಅಪ್ಪನ ಕೈ ಮೊದ್ಲು ಹೋಗ್ತಿದ್ದು ಜೇಬಿಗೆ. ಅಚ್ಚಾದ ಪುಸ್ತಕದಲ್ಲಿ ಇದೆಲ್ಲ ಎಲ್ಲಿಂದ ಬರ್ಬೇಕು!

ಲಿಯೋನಿಗೆ ಇಂಥ ಪುಸ್ತಕ ಹೊಸದಲ್ಲ. 1532ರಲ್ಲಿ ಇಲ್ಲಿನ ಓತೆಲ್ ದ್ಯೂ ಆಸ್ಪತ್ರೆಗೆ ಡಾಕ್ಟರಾಗಿ ಸೇರಿದ ಫ್ರೆಂಚ್ ಲೇಖಕ ರಾಬ್ಲೆ ಅದೇ ವರ್ಷ ಹಿಪಾಕ್ರಟಿಸ್, ಗೇಲನ್ ಅನ್ನೋ ಪ್ರಾಚೀನ ಗ್ರೀಕ್ ವೈದ್ಯರಿಬ್ಬರ ಮಾತುಗಳನ್ನ ಕಿರುಗಾತ್ರದಲ್ಲಿ ಇಲ್ಲೇ ಅಚ್ಚು ಹಾಕ್ಸಿದ್ದ. ಆಸ್ಪತ್ರೆ ಕಟ್ಟಡ ಈಗ ಹೋಟ್ಲು, ಅಂಗಡಿ ಆಗಿದೆ, ಆದ್ರೆ ಆ ಕಥೆ ಯಾರೂ ಮರ್ತಿಲ್ಲ. ಇಲ್ಲಿನ ಸೋನ್ ನದಿ ದಂಡೇಲಿ ಹಳೇ ಪುಸ್ತಕ ಮಾರೋರು ಹರಿದ ಕೈಪಿಡೀನೂ ಪ್ಲಾಸ್ಟಿಕ್ ಕವರ್ ಹಾಕಿ ಜೋಡಿಸಿಟ್ಟಿರ್ತಾರೆ. ನಮ್ಮಲ್ಲಿ ತಾಳೆಗರಿಗೆ ಕೈ ಮುಗೀತೀವಿ, ಕಾಂಪೌಂಡರ್ ನೋಟ್‌ಬುಕ್ ಮಾತ್ರ ರದ್ದಿಗೆ. ಹಳೇದಾದ್ರೆ ಮಾತ್ರ ಜ್ಞಾನ, ಬಡವನ ಕೈಬರಹ ಆದ್ರೆ ಕಸ, ಇದು ನಮ್ಮೋರ ದೊಡ್ಡ ತಪ್ಪು ಅಂತ್ಲೇ ನನಗನ್ಸೋದು.

ಅವತ್ತು ರಾತ್ರೀನೇ ಅತ್ತಿಗೆಗೆ ಫೋನ್ ಮಾಡ್ದೆ. ಬೀರುವಲ್ಲಿ ಮಾವಯ್ಯನ ಫೋಟೋ ಹಿಂದೇನೇ ಇಟ್ಟಿದೀನಿ ಕಣೋ, ಬಿಸಾಡ್ತೀನಾ ಅಂದ್ರು. ವಾಟ್ಸಾಪಲ್ಲಿ ನಾಕು ಪುಟ ಬಂದಿದೆ. ಮಗಳು ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದ್ತಾ ಇದಾಳೆ. ಒಂದು ಪುಟದಲ್ಲಿ ಹೆಸರುಗಳ ಎದುರಿಗೆ ‘ಸಂಜೆ ಬಸ್ಸು’ ಅಂತಿದೆ. ಕೊನೇ ಬಸ್ಸು ಹಿಡಿಯೋರು, ಅವರಿಗೆ ಮೊದ್ಲು ಔಷಧಿ ಕೊಡ್ಬೇಕು ಅಂತ. ಮದಾಮ್‌ಗೆ ಭಾನುವಾರ ಕಾಫಿಗೆ ಬರೋಕೆ ಹೇಳಿದೀನಿ, ಈ ಪುಟ ತೋರ್ಸಿ ಒಂದೊಂದು ಸಾಲೂ ಬಿಡಿಸಿ ಹೇಳೋಳು ಮಗಳೇ.