ಐನೂರ ಒಂದು ರೂಪಾಯಿ ಸಂಚಕಾರ

ಎಂಟು ಸಾವಿರ ರೂಪಾಯಿ ಜಾಸ್ತಿ ಕೊಡ್ತೀನಿ ಅಂತ ಮನೆ ಬಾಗಿಲಿಗೇ ಬಂದವನಿಗೆ ನಮ್ಮ ದೊಡ್ಡಪ್ಪ ಕಾಫಿ ಕುಡಿಸಿ, ಆಗಲ್ಲ ಅಂತ ಹೇಳಿ ಕಳಿಸಿದರು. ಮೊನ್ನೆ ಭಾನುವಾರ, ಶಿರಾ ಕಡೆಯ ನಮ್ಮೂರಲ್ಲಿ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಜಗಲಿ ಮೇಲಿನ ಮಾತು ನನ್ನನ್ನು ಬಿಟ್ಟಿಲ್ಲ.

ವಿಷಯ ಹುಣಸೆ ಮರಗಳದ್ದು. ಹೊಲದ ಬದುವಿನ ಮೇಲೆ ಏಳು ಮರ ಇವೆ, ತಾತನ ಕಾಲದವು. ನಮ್ಮ ಕಡೆ ಹುಣಸೆಯನ್ನು ಮರದ ಮೇಲಿದ್ದ ಹಾಗೇ ಮಾರುವುದು ರೂಢಿ. ವ್ಯಾಪಾರಿ ಬಂದು ಮರ ಸುತ್ತುತ್ತಾನೆ. ಕತ್ತೆತ್ತಿ ಒಂದೊಂದು ಕೊಂಬೆಯನ್ನೂ ನೋಡುತ್ತಾನೆ. ಒಂದು ಕಾಯಿ ಕಿತ್ತು ಬೆರಳಲ್ಲಿ ಅದುಮುತ್ತಾನೆ. ಓಡು ಪಟ್ ಅಂತ ಒಡೆದು ಒಳಗಿನ ಹಣ್ಣು ಬಿಟ್ಟುಕೊಂಡಿದ್ದರೆ ಸರಿ. ಅಂಟಿಕೊಂಡಿದ್ದರೆ ಇನ್ನೂ ದಿನ ಬೇಕು ಅಂತ ಲೆಕ್ಕ. ಆಮೇಲೆ ರೇಟಿನ ಮಾತು. ಕಾಯಿ ಬಡಿಸೋದು, ಆರಿಸೋದು, ಓಡು ಬೀಜ ತೆಗೆಸೋದು, ತುಮಕೂರಿಗೋ ಹಿಂದೂಪುರಕ್ಕೋ ಸಾಗಿಸೋದು ಎಲ್ಲ ಅವನ ಖರ್ಚು. ನಡುವೆ ಮಳೆ ಬಿದ್ದು ಹಣ್ಣು ಕಪ್ಪಾದರೆ ಆ ನಷ್ಟವೂ ಅವನದೇ.

ಆ ವಾರದ ಮೊದಲಲ್ಲೇ ಒಬ್ಬ ವ್ಯಾಪಾರಿ ಬಂದು ಏಳೂ ಮರಕ್ಕೆ 38,000 ರೂಪಾಯಿಗೆ ಒಪ್ಪಿಸಿ ಹೋಗಿದ್ದ. ಹಳೇ ಪರಿಚಯದವನೇನಲ್ಲ, ಹೊಸಬ. ಬರೆದದ್ದು ಏನೂ ಇಲ್ಲ. ಎರಡು ವೀಳ್ಯದೆಲೆ, ಒಂದು ಅಡಿಕೆ, ಅದರ ಮೇಲೆ ಐನೂರ ಒಂದು ರೂಪಾಯಿ ಮುಂಗಡ ಇಟ್ಟು ದೊಡ್ಡಪ್ಪನ ಕೈಗೆ ಕೊಟ್ಟಿದ್ದ. ಅಷ್ಟೇ.

ಭಾನುವಾರ ಬೈಕಿನಲ್ಲಿ ಬಂದವನು ಎರಡನೆಯವನು. ಮರ ನೋಡಿಕೊಂಡೇ ಬಂದಿದ್ದ. 46,000 ಕೊಡ್ತೀನಿ, ಈಗಲೇ ಪೂರ್ತಿ ಕೊಡ್ತೀನಿ ಅಂದ. ಮಾತಿನಲ್ಲಿ ಚುರುಕು. ಆದರೆ ನನಗೆ ಅವನು ಯಾಕೋ ಹಿಡಿಸಲಿಲ್ಲ. ಮರ ದೊಡ್ಡಪ್ಪನದ್ದು, ಇವನು ಮಾತಾಡಿದ್ದೆಲ್ಲ ಅವರ ಮಗನ, ಅಂದರೆ ನನ್ನ ತಮ್ಮನ, ಮುಖ ನೋಡಿಕೊಂಡು. ಯಾರು ಬೇಗ ಬಗ್ಗುತ್ತಾರೆ ಅನ್ನೋದು ಬಂದ ಐದು ನಿಮಿಷದಲ್ಲೇ ಅವನಿಗೆ ಗೊತ್ತಾಗಿತ್ತು.

ದೊಡ್ಡಪ್ಪ ಅಂದರು, "ಇಲ್ಲ ಕಣಪ್ಪ. ಸಂಚ್ಕಾರ ಈಸ್ಕಂಡಿದೀನಿ."

ತಮ್ಮ ತಕ್ಷಣ ಬಾಯಿ ಹಾಕಿದ. "ಐನೂರು ರೂಪಾಯಿ ತಾನೇ ಅಪ್ಪ? ಅವನ ನಂಬರ್ ಇದೆ. ಈಗ್ಲೇ ಫೋನ್‌ಪೇ ಮಾಡಿದ್ರಾಯ್ತು."

"ದುಡ್ಡು ಕಳಿಸಬಹುದು. ಈಸ್ಕಂಡಿದ್ದನ್ನ ಏನ್ ಮಾಡ್ತೀಯ?"

ತಮ್ಮನ ಹತ್ತಿರ ಉತ್ತರ ಇರಲಿಲ್ಲ. ಬೈಕಿನವನು ನಕ್ಕು, ಯೋಚನೆ ಮಾಡಿ ಯಜಮಾನ್ರೇ ಅಂತ ಲೋಟ ಕೆಳಗಿಟ್ಟು ಎದ್ದ. ನಾನು ಸುಮ್ನೆ ಕೂತಿದ್ದೆ. ಈಸ್ಕಂಡಿದ್ದನ್ನ ಏನ್ ಮಾಡ್ತೀಯ? ರಾತ್ರಿ ಬಸ್ಸಿನಲ್ಲಿ ಅದೇ, ಸೋಮವಾರ ಆಫೀಸಿನಲ್ಲೂ ಅದೇ. ದೊಡ್ಡಪ್ಪನ ಲೆಕ್ಕದಲ್ಲಿ ನೋಟು ಬೇರೆ, ಅದನ್ನು ಕೈಚಾಚಿ ತಗೊಂಡದ್ದು ಬೇರೆ. ನೋಟು ಹಿಂದಕ್ಕೆ ಹೋಗುತ್ತೆ. ತಗೊಂಡದ್ದು ಹೋಗಲ್ಲ.

ತಮ್ಮನನ್ನು ಕೆಟ್ಟವನು ಅಂತ ನಾನು ಹೇಳಲಾರೆ. ಬೋರ್‌ವೆಲ್ ಸಾಲದ ಕಂತು ಕಟ್ಟುತ್ತಿರುವವನು ಅವನು. ಎಂಟು ಸಾವಿರ ಅವನಿಗೆ ಸಣ್ಣ ಮೊತ್ತ ಅಲ್ಲ. ಇಷ್ಟಕ್ಕೂ ಸಂಚಕಾರ ಅಂದರೆ ಅವನ ಕಿವಿಗೆ ಪೇಪರಿನ ತಲೆಬರಹ ಮಾತ್ರ. ಕೆರೆಗೆ ಸಂಚಕಾರ, ಬೆಳೆಗೆ ಸಂಚಕಾರ, ಪ್ರಾಣಕ್ಕೆ ಸಂಚಕಾರ. ಬೈಕಿನವನು ಹೋದ ಮೇಲೆ ಕೇಳಿಯೂ ಬಿಟ್ಟ, "ಯಾಕಪ್ಪ ಅಪಶಕುನದ ಮಾತು ಆಡ್ತೀಯ, ಅಡ್ವಾನ್ಸ್ ಅನ್ನಬಾರದಾ?"

ಈ ಪ್ರಶ್ನೆಯೇ ನನ್ನನ್ನು ನಿಘಂಟಿನ ಕಡೆ ಕಳಿಸಿದ್ದು. ಸಂಚಕಾರ ಬಂದಿರುವುದು ಸಂಸ್ಕೃತದ ಸತ್ಯಂಕಾರದಿಂದ. ಮಾತನ್ನು ಸತ್ಯ ಮಾಡುವುದು ಅಂತ ಅರ್ಥ. ಅಮರಕೋಶದ ವೈಶ್ಯವರ್ಗದಲ್ಲಿ, ವ್ಯಾಪಾರದ ಮಾತುಗಳ ನಡುವೆ ಇದೂ ಕೂತಿದೆ. ತಮಿಳಿನ ಅಚ್ಚಾರವೂ ಇದೇ ಬೇರಿನದು. ನಮ್ಮ ಉತ್ತರ ಕರ್ನಾಟಕದ ಕಡೆ ಜಮೀನಿನ ಕ್ರಯದ ಕರಾರಿಗೆ ಸಂಚಕಾರ ಪತ್ರ ಅಂತಲೇ ಹೆಸರು. ಅಲ್ಲಿ ಯಾರಿಗೂ ಅದು ಅಪಶಕುನ ಅನ್ನಿಸಲ್ಲ.

ಹಾಗಾದರೆ ಪ್ರಾಣಕ್ಕೆ ಸಂಚಕಾರ ಎಲ್ಲಿಂದ ಬಂತು? ನನಗೆ ಹೊಳೆಯುವುದು ಇಷ್ಟು. ಸಂಚಕಾರ ಬಿದ್ದ ಎತ್ತು ನಿಮ್ಮ ಕೊಟ್ಟಿಗೆಯಲ್ಲೇ ಇರುತ್ತೆ, ನಿಮ್ಮ ಹುಲ್ಲನ್ನೇ ತಿನ್ನುತ್ತೆ. ಆದರೆ ಅದು ಇನ್ನು ನಿಮ್ಮದಲ್ಲ. ಬೇರೆಯವರು ಬಂದು ಹಗ್ಗ ಬಿಚ್ಚಿಕೊಂಡು ಹೋಗುವ ದಿನಕ್ಕೆ ಕಾಯುತ್ತಿರುತ್ತೆ. ಜೀವಕ್ಕೆ ಸಂಚಕಾರ ಅಂದರೆ ಯಮ ಆಗಲೇ ಮುಂಗಡ ಕೊಟ್ಟಿದ್ದಾನೆ ಅಂತ. ಹಾಗೆ ಹೇಳಿದವರ ಕಾಲಕ್ಕೆ ಸಂಚಕಾರ ಕೊಟ್ಟ ಮೇಲೆ ವ್ಯಾಪಾರ ಮುರಿಯೋದು ಊಹೆಗೂ ಮೀರಿದ್ದಾಗಿರಬೇಕು. ಇಲ್ಲದಿದ್ದರೆ ಸಾವಿನಷ್ಟು ಖಚಿತವಾದ ಸಂಗತಿಗೆ ವ್ಯಾಪಾರದ ಈ ಮಾತನ್ನು ಯಾಕೆ ತರುತ್ತಿದ್ದರು?

ಹುಡುಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. ಅದು ಸಿಕ್ಕಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಒಂದು ಸಾಲಿದೆ: "ಸತ್ಯಂಕಾರಕೃತಂ ದ್ರವ್ಯಂ ದ್ವಿಗುಣಂ ಪ್ರತಿದಾಪಯೇತ್." ಸಂಚಕಾರವಾಗಿ ಕೊಟ್ಟದ್ದನ್ನು ಎರಡರಷ್ಟು ವಾಪಸ್ ಕೊಡಿಸಬೇಕು. ಇದಕ್ಕೆ ವಿಜ್ಞಾನೇಶ್ವರ ಆ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರದಲ್ಲಿ ವಿವರ ಕೊಡುತ್ತಾನೆ. ಕೊಳ್ಳುವ ಮಾರುವ ಮಾತು ಗಟ್ಟಿಯಾಗಲಿ ಅಂತ ಒಬ್ಬ ಇನ್ನೊಬ್ಬನ ಕೈಗೆ ಉಂಗುರದಂಥದ್ದೇನೋ ಕೊಟ್ಟಿರುತ್ತಾನೆ. ಕೊಟ್ಟವನೇ ಮಾತು ಮುರಿದರೆ ಉಂಗುರ ಹೋಯಿತು. ಈಸ್ಕೊಂಡವನು ಮುರಿದರೆ ಎರಡರಷ್ಟು ತೆರಬೇಕು. ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಆ ಕಲ್ಯಾಣವೇ ಇವತ್ತು ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಷ್ಟು ಹಿಂದೆ ಅಲ್ಲಿ ಕೂತು ಬರೆದ ಲೆಕ್ಕ ಇವತ್ತಿಗೂ ಸೈಟು, ಜಮೀನಿನ ಅಗ್ರಿಮೆಂಟುಗಳಲ್ಲಿ ಬದುಕಿದೆ. ಕೊಳ್ಳುವವನು ಹಿಂದೆ ಸರಿದರೆ ಮುಂಗಡ ಮುಟ್ಟುಗೋಲು, ಮಾರುವವನು ಸರಿದರೆ ಎರಡು ಪಟ್ಟು ಅಂತ ಈಗಲೂ ಕೆಲವರು ಬರೆಸುತ್ತಾರೆ.

ಎರಡರಷ್ಟು ಅನ್ನೋದರ ಹಿಂದಿನ ವಿವೇಕ ನೋಡಿ. ಬರೀ ವಾಪಸ್ ಕೊಟ್ಟರೆ ಸಾಕು ಅಂದಿದ್ದರೆ ಮಾತು ಮುರಿಯೋದಕ್ಕೆ ಖರ್ಚೇ ಇಲ್ಲ. ಹೆಚ್ಚು ಕೊಡುವವರು ಬರುವ ತನಕ ಹಿಡಿದಿಟ್ಟುಕೊಳ್ಳೋದು, ಬಂದ ಮೇಲೆ ಹಿಂದಕ್ಕೆ ತಳ್ಳೋದು. ಈ ವಾರವೇ ನಮ್ಮ ಅಕ್ಕನ ಮಗಳಿಗೆ ಆದದ್ದು ಇದೇ. ಬೆಂಗಳೂರಲ್ಲಿ ಮನೆ ನೋಡಿ, ಒಪ್ಪಿ, ಮಾಲೀಕರು ಕೇಳಿದಷ್ಟು ಟೋಕನ್ ಅಡ್ವಾನ್ಸ್ ಮೊಬೈಲಲ್ಲೇ ಹಾಕಿ ಬಂದಳು. ಅದನ್ನು ನಂಬಿ, ಇರುವ ಮನೆಯ ಮಾಲೀಕರಿಗೆ ಖಾಲಿ ಮಾಡ್ತೀನಿ ಅಂತ ಹೇಳಿಯೂ ಬಿಟ್ಟಳು. ಮಾರನೇ ದಿನ ಫೋನ್. "ಬೇರೆಯವರು ಜಾಸ್ತಿ ಬಾಡಿಗೆಗೆ ಒಪ್ಕೊಂಡ್ರಮ್ಮ. ನಿಮ್ಮ ದುಡ್ಡು ವಾಪಸ್ ಹಾಕಿದೀನಿ, ನೋಡ್ಕೊಳ್ಳಿ." ಧ್ವನಿಯಲ್ಲಿ ಒಂದಿಷ್ಟೂ ಮುಜುಗರ ಇರಲಿಲ್ಲವಂತೆ. ಒಂದು ರೂಪಾಯಿ ಕಡಿಮೆ ಇಲ್ಲದೆ ವಾಪಸ್ ಹಾಕಿದ್ದರಿಂದ ತಾನು ಪ್ರಾಮಾಣಿಕ ಅಂತಲೇ ಆ ಮನುಷ್ಯ ನಂಬಿದ್ದಾನೆ. ನನಗೆ ಸಿಟ್ಟು ಬಂದದ್ದು ಅಲ್ಲೇ. ಅವಳು ಮತ್ತೆ ಮನೆ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದಾಳೆ. ಅದನ್ನು ಯಾವ ಆ್ಯಪಿನಲ್ಲಿ ವಾಪಸ್ ಹಾಕೋಕಾಗುತ್ತೆ?

ತಮ್ಮ ಹೇಳಿದ್ದೂ, ಆ ಮಾಲೀಕ ಮಾಡಿದ್ದೂ ಒಂದೇ ಅಲ್ವಾ? ಆದರೂ ಒಂದಕ್ಕೆ ಮರುಕ, ಇನ್ನೊಂದಕ್ಕೆ ಸಿಟ್ಟು ಬರುತ್ತೆ. ತಮ್ಮ ನಮ್ಮವನು ಅನ್ನೋದು ಒಂದು ಕಾರಣ ಇರಬಹುದು. ಆದರೆ ಅವನು ಅಪ್ಪನ ಮಾತಿಗೆ ನಿಂತ. ಬೈಕಿನವನ ಹಿಂದೆ ಓಡಲಿಲ್ಲ. ಅದು ನನಗೆ ದೊಡ್ಡದಾಗಿ ಕಾಣುತ್ತೆ.

ಓಲಗದವರಿಗೆ, ಅಡುಗೆಯವರಿಗೆ, ಊರ ನಾಟಕ ಕಲಿಸುವ ಮೇಷ್ಟ್ರಿಗೆ ವೀಳ್ಯ ಕೊಟ್ಟು ಬರೋದು ನಮ್ಮಲ್ಲಿ ಇನ್ನೂ ಇದೆ. ವೀಳ್ಯ ಈಸ್ಕೊಂಡ ಓಲಗದವನು ಅದೇ ಮುಹೂರ್ತಕ್ಕೆ ಇನ್ನೊಂದು ಮದುವೆಯಿಂದ ಜಾಸ್ತಿ ದುಡ್ಡು ಬಂದರೂ ಹೋಗಲ್ಲ. ಹೋದರೆ ಆ ಸುತ್ತಿನಲ್ಲಿ ಮತ್ತೆ ಯಾರೂ ಕರೆಯಲ್ಲ. ಹಳ್ಳಿಯವರೆಲ್ಲ ಸತ್ಯವಂತರು, ಪೇಟೆಯವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನಮ್ಮೂರಲ್ಲೂ ಬದು ಒತ್ತುವವರಿದ್ದಾರೆ, ಸಾಕ್ಷಿ ತಿರುಗಿಸುವವರಿದ್ದಾರೆ. ಆದರೆ ಅಲ್ಲಿ ಈಸ್ಕೊಂಡವನ ಮುಖ ನಾಳೆ ಅದೇ ಸಂತೆಯಲ್ಲಿ ಕಾಣುತ್ತೆ. ಮನೆ ಮಾಲೀಕನನ್ನು ನಮ್ಮ ಹುಡುಗಿ ಇನ್ನೆಲ್ಲಿ ನೋಡ್ತಾಳೆ? ಹಾಗಾಗಿ ಮುಖದ ಜಾಗದಲ್ಲಿ ಬರಹ ಬೇಕು, ಎರಡರಷ್ಟು ಅನ್ನೋ ಷರತ್ತು ಬೇಕು. ಬಾಡಿಗೆ ಮನೆಯ ಟೋಕನ್‌ಗೂ ಒಂದು ಸಾಲು ಬರೆಸಿಕೊಳ್ಳಿ ಅಂತ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಬುಧವಾರ ತಮ್ಮ ಫೋನ್ ಮಾಡಿದ್ದ. ಮೊದಲ ವ್ಯಾಪಾರಿ ಆಳುಗಳನ್ನು ಕರೆದುಕೊಂಡು ಬಂದು ಎರಡು ಮರ ಬಡಿಸಿದನಂತೆ, ಅರ್ಧ ದುಡ್ಡು ಕೊಟ್ಟನಂತೆ. ನಾನು ಎರಡರಷ್ಟಿನ ಕತೆ ಹೇಳಿದೆ. ಅವನು ಪೂರ್ತಿ ಕೇಳಿ, "ಅಲ್ಲಣ್ಣ, ರೇಟು ಬಿದ್ದು ಅವನೇ ಬರದೆ ಹೋಗಿದ್ರೆ? ಐನೂರ ಒಂದು ರೂಪಾಯಿ ಇಟ್ಕೊಂಡು ಏನ್ ಮಾಡ್ತಿದ್ವಿ?" ಅಂದ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಮುರಿದವನಿಗೆ ನೋವಾಗದಷ್ಟು ಸಣ್ಣ ಸಂಚಕಾರ ಕಟ್ಟಿಹಾಕುವುದು ದೊಡ್ಡಪ್ಪನಂಥವರನ್ನು ಮಾತ್ರ. ಮುಂದಿನ ಸಲ ಕಡಿಮೆ ಅಂದರೂ ಐದು ಸಾವಿರ ಈಸ್ಕೋಬೇಕು ಅಂತ ಅಪ್ಪನಿಗೆ ಹೇಳಿದ್ದಾನಂತೆ. ದೊಡ್ಡಪ್ಪ ಒಪ್ಪಿದ್ದಾರೆ. ಎಲೆ ಅಡಿಕೆ ಮೇಲೇ ಇಟ್ಟು ಕೊಡಬೇಕು ಅಂದರಂತೆ.