ಮಕ್ಕಳಿಗೆ ಕೊರತೆ ಮಾಡದೆ ಸಾಲ ತೀರಿಸಿದ್ದು ಹೇಗೆ ಎಂದು ಕೇಳುವವರಿಗೆ

ಮದುವೆ ಮನೆಯ ಪಂಕ್ತಿಯಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ, ತೀರ್ಥಹಳ್ಳಿ ಕಡೆಯ ತವರಿನ ಜಗಲಿಯ ಮೇಲೆ, ಕಳೆದೊಂದು ವರ್ಷದಿಂದ ನನಗೆ ಎದುರಾಗುತ್ತಿರುವುದು ಒಂದೇ ಪ್ರಶ್ನೆ. "ಮಕ್ಕಳಿಗೆ ಏನೂ ಕಮ್ಮಿ ಮಾಡದೆ ಅಷ್ಟು ಸಾಲ ಹೇಗೆ ತೀರಿಸಿದಿರಿ?" ನಾವು ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿರುವ, ತಿಂಗಳ ಸಂಬಳವನ್ನೇ ನಂಬಿರುವ ಕುಟುಂಬ. ಏಳು ಲಕ್ಷ ತೊಂಬತ್ತು ಸಾವಿರ ರೂಪಾಯಿ ಸಾಲವನ್ನು ಮೂರು ವರ್ಷ ಏಳು ತಿಂಗಳಲ್ಲಿ ತೀರಿಸಿದೆವು ಎಂದಾಗ, ಏನೋ ಒಂದು ಉಪಾಯ ಇದ್ದಿರಲೇಬೇಕು ಎಂದು ಕೇಳುವವರಿಗೆ ಅನ್ನಿಸುವುದು ಸಹಜ.

ಉತ್ತರ ಹೇಳುವ ಮೊದಲು ಪ್ರಶ್ನೆಯನ್ನೇ ತಿದ್ದಬೇಕಾಗಿದೆ. ಮಕ್ಕಳಿಗೆ ಕೊರತೆ ಮಾಡಿದ್ದೇವೆ. ಯಾವುದರಲ್ಲಿ ಮಾಡಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ತಿಳಿಯಲು ನಮಗೆ ಸ್ವಲ್ಪ ಕಾಲ ಹಿಡಿಯಿತು, ಆ ಅವಧಿಯಲ್ಲಿ ತಪ್ಪನ್ನೂ ಮಾಡಿದೆವು. ಹಾಗೆಯೇ, ನಮ್ಮ ಮನೆಯಲ್ಲಿ ಅತಿ ಹೆಚ್ಚು ದುಡ್ಡು ತಿನ್ನುತ್ತಿದ್ದುದು ಮಕ್ಕಳ ಖರ್ಚಲ್ಲ, ಸಾಲವನ್ನು ನಾಲ್ಕು ಜನರಿಗೆ ಕಾಣದಂತೆ ಮುಚ್ಚಿಡಲು ನಾವು ಮಾಡುತ್ತಿದ್ದ ಖರ್ಚು ಎಂಬುದು ಗೊತ್ತಾದದ್ದೂ ತಡವಾಗಿಯೇ.

ಸಾಲ ಬಂದದ್ದು ಹೀಗೆ. ನಮ್ಮ ಮನೆಯವರು 2019ರಲ್ಲಿ ಶಾಲೆಯೊಂದರ ಹತ್ತಿರ ಸ್ಟೇಷನರಿ ಅಂಗಡಿ ತೆರೆದರು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನೋಟ್‌ಪುಸ್ತಕ, ಜಾಮಿಟ್ರಿ ಪೆಟ್ಟಿಗೆ ಕೊಳ್ಳುವವರೇ ಇಲ್ಲದೆ ಅಂಗಡಿ ಒಂದು ವರ್ಷ ಬಾಡಿಗೆಯನ್ನಷ್ಟೇ ತಿಂದಿತು. 2021ರ ಜೂನ್ ತಿಂಗಳ ಒಂದು ಭಾನುವಾರ, ಹೊರಗೆ ಮಳೆ ಹಿಡಿದು ಸುರಿಯುತ್ತಿದ್ದಾಗ, ಇಬ್ಬರೂ ಕುಳಿತು ಮೊದಲ ಬಾರಿಗೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದೆವು. ಬ್ಯಾಂಕಿನ ವೈಯಕ್ತಿಕ ಸಾಲ 3,60,000, ವರ್ಷಕ್ಕೆ ಶೇಕಡ 13. ಒಡವೆ ಅಡವಿಟ್ಟ ಸಾಲ 2,10,000, ಶೇಕಡ 12. ಪರಿಚಯಸ್ಥರ ಕೈಸಾಲ 1,50,000, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ಕ್ರೆಡಿಟ್ ಕಾರ್ಡಿನ ಬಾಕಿ 70,000, ತಿಂಗಳಿಗೆ ಶೇಕಡ ಮೂರೂವರೆ. ಆಗ ನಮ್ಮ ಮನೆಯವರು ಹೊಸ ಕೆಲಸಕ್ಕೆ ಸೇರಿದ್ದರು. ಇಬ್ಬರ ಸಂಬಳ ಕೂಡಿದರೆ 44,000. ಬಡ್ಡಿಯನ್ನಷ್ಟೇ ಕೂಡಿ ನೋಡಿದಾಗ ತಿಂಗಳಿಗೆ 12,950 ರೂಪಾಯಿ ಬಂತು. ಅಸಲು ಒಂದು ರೂಪಾಯಿಯೂ ಕರಗದೆ, ಬಾಡಿಗೆಗಿಂತ ಹೆಚ್ಚಿನ ಹಣ ಪ್ರತಿ ತಿಂಗಳೂ ಬಾಗಿಲು ದಾಟಿ ಹೋಗುತ್ತಿತ್ತು.

ಆ ಹಾಳೆಯನ್ನು ಬರೆಯಲು ಒಂದೂವರೆ ವರ್ಷ ತಡವಾದದ್ದೇಕೆ ಎಂದು ಯೋಚಿಸಿದರೆ ನನಗೆ ನನ್ನ ಬಾಲ್ಯ ನೆನಪಾಗುತ್ತದೆ. ಅಡಿಕೆ ಬೆಳೆಯುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಹಣ ಬರುತ್ತದೆ, ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಮುಂದಿನ ಕೊಯ್ಲಿನ ಮೇಲೆ ಮಂಡಿಯಲ್ಲಿ ಮುಂಗಡ ಪಡೆಯುವುದು, ಕೊಳೆರೋಗ ಬಂದು ಕಾಯಿ ಉದುರಿದ ವರ್ಷ ಆ ಬಾಕಿ ಮುಂದಕ್ಕೆ ಹೋಗುವುದು, ಇವೆಲ್ಲ ಅಪ್ಪಯ್ಯನ ಜೇಬಿನ ಸಣ್ಣ ಪುಸ್ತಕದಲ್ಲಿ ಇರುತ್ತಿತ್ತೇ ಹೊರತು ನಮಗೆ ಯಾರೂ ಹೇಳುತ್ತಿರಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಬಂದರೆ ಒಳ್ಳೆಯ ವರ್ಷ, ಬಾರದಿದ್ದರೆ ಏನೋ ತೊಂದರೆ ಎಂದು ನಾವೇ ಊಹಿಸಿಕೊಳ್ಳುತ್ತಿದ್ದೆವು. ಮಕ್ಕಳ ಕಿವಿಗೆ ಸಾಲದ ಮಾತು ಬೀಳಬಾರದು ಎಂಬುದು ಹಿರಿಯರ ಪ್ರೀತಿಯೇ ಆಗಿತ್ತು. ಆದರೆ ಅದೇ ಅಭ್ಯಾಸ ನನ್ನಲ್ಲೂ ಉಳಿದುಕೊಂಡಿತ್ತು. ಮಕ್ಕಳಿಗೆ ಗೊತ್ತಾಗಬಾರದೆಂದು ಹುಟ್ಟುಹಬ್ಬವನ್ನು ಹಿಂದಿನಂತೆಯೇ ಮಾಡುತ್ತಾ, ಅದರ ಖರ್ಚನ್ನು ಕಾರ್ಡಿಗೆ ಹಾಕುತ್ತಿದ್ದೆ.

ಖರ್ಚು ಕಡಿಮೆ ಮಾಡಬೇಕೆಂದು ನಿರ್ಧರಿಸಿದ ಕೂಡಲೇ ನಾವು ಮೊದಲು ಕೈಹಾಕಿದ್ದು ಅಡುಗೆಮನೆಗೆ. ಬಹುಪಾಲು ಮನೆಗಳಲ್ಲಿ ಹೀಗೆಯೇ ಆಗುತ್ತದೆ, ಏಕೆಂದರೆ ಅಲ್ಲಿನ ಖರ್ಚು ದಿನವೂ ಕಣ್ಣಿಗೆ ಬೀಳುತ್ತದೆ ಮತ್ತು ಅದನ್ನು ಕಡಿಮೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದೂವರೆ ಲೀಟರ್ ಹಾಲು ಮುಕ್ಕಾಲು ಲೀಟರ್ ಆಯಿತು, ಹಣ್ಣು ನಿಂತಿತು, ಸೊಪ್ಪು ತರಕಾರಿಯ ಬದಲು ತಿಳಿಸಾರು ಹೆಚ್ಚಾಯಿತು. ತಿಂಗಳಿಗೆ ಸಾವಿರದ ನಾನೂರು ಉಳಿಯುತ್ತಿತ್ತು. ನಾಲ್ಕನೇ ತಿಂಗಳು ಮಗಳು ಮಹಡಿ ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದುದನ್ನು ಕಂಡು ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.8 ಇತ್ತು, ಅವಳ ವಯಸ್ಸಿಗೆ ಕನಿಷ್ಠ 11.5 ಇರಬೇಕು. ಮೂರು ತಿಂಗಳ ಊಟದಿಂದಲೇ ಹೀಗಾಯಿತೆಂದು ವೈದ್ಯರು ಹೇಳಲಿಲ್ಲ, ಮೊದಲಿನಿಂದಲೂ ಕಡಿಮೆಯಿದ್ದಿರಬಹುದು. ಆದರೂ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಮನೆಗೆ ಬಂದ ದಿನ ನಾನು ಅನುಭವಿಸಿದ ಸಂಕಟವನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ಹಾಲು, ಕಾಳು, ಸೊಪ್ಪು, ಹಣ್ಣು, ಔಷಧಿ ಇವು ಲೆಕ್ಕದ ಪುಸ್ತಕದಲ್ಲಿ ಬೇರೆ ಪುಟಕ್ಕೆ ಹೋದವು. ಆ ಪುಟವನ್ನು ಕಡಿತಕ್ಕೆಂದು ತೆರೆಯುವಂತಿಲ್ಲ ಎಂದು ಇಬ್ಬರೂ ಒಪ್ಪಿಕೊಂಡೆವು. ಮಗನಿಗೆ ಐದು ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ ಬೂಸ್ಟರ್ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಿಸಿದೆವು. ಅದು ಕಡಿತವಲ್ಲ, ಅದೇ ಲಸಿಕೆಗೆ ಬೇರೆಡೆ ಹಣ ಕೊಡದಿರುವುದಷ್ಟೇ.

ಹಾಗಾದರೆ ಹಣ ಉಳಿದದ್ದು ಎಲ್ಲಿ? ಮೊದಲನೆಯದು ಬಡ್ಡಿಯಲ್ಲಿ. ಈ ಭಾಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕೇಳುವವರಲ್ಲಿ ಹೆಚ್ಚಿನವರು ಸೋಪು ಸಕ್ಕರೆಯ ಉಳಿತಾಯವನ್ನು ನಿರೀಕ್ಷಿಸಿರುತ್ತಾರೆ. ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂದು 3,500 ರೂಪಾಯಿ ತೋರಿಸುತ್ತಿದ್ದರು, ನಾವು ತಪ್ಪದೆ ಅಷ್ಟನ್ನು ಕಟ್ಟಿ ನೆಮ್ಮದಿಯಿಂದ ಇದ್ದೆವು. 70,000ಕ್ಕೆ ಮೂರೂವರೆ ಶೇಕಡದಂತೆ ಬಡ್ಡಿ 2,450, ಆ ಬಡ್ಡಿಯ ಮೇಲೆ ಶೇಕಡ 18 ಜಿಎಸ್‌ಟಿ 441. ಅಂದರೆ 2,891 ಅಲ್ಲಿಗೇ ಮುಗಿಯಿತು, ಅಸಲಿಗೆ ಹೋದದ್ದು 609 ರೂಪಾಯಿ. ಇದು ಅರ್ಥವಾದ ವಾರವೇ ಅತ್ತೆಯವರು ನನಗೆ ಕೊಟ್ಟಿದ್ದ 24 ಗ್ರಾಂ ತೂಕದ ಸರವನ್ನು ಅವರನ್ನು ಕೇಳಿಯೇ ಮಾರಿದೆ. ಬಂದ ಒಂದು ಲಕ್ಷ ಎರಡು ಸಾವಿರದಲ್ಲಿ ಕಾರ್ಡಿನ ಬಾಕಿ ಪೂರ್ತಿ ತೀರಿತು, ಮೂವತ್ತು ಸಾವಿರ ಕೈಸಾಲಕ್ಕೆ ಹೋಯಿತು. ಚಿನ್ನ ಮಾರಬಾರದಿತ್ತು, ಬೆಲೆ ಎಲ್ಲಿಗೆ ಹೋಯಿತು ನೋಡು ಎಂದು ಈಗಲೂ ಹೇಳುವವರಿದ್ದಾರೆ. ನಿಜ, 2021ರಿಂದ 2025ರ ಮಧ್ಯದ ಹೊತ್ತಿಗೆ ಚಿನ್ನ ಸುಮಾರು ಎರಡು ಪಟ್ಟಾಯಿತು. ಆದರೆ ತಿಂಗಳಿಗೆ ಮೂರೂವರೆ ಶೇಕಡದಂತೆ ಚಕ್ರಬಡ್ಡಿ ಬೆಳೆದರೆ ಎಪ್ಪತ್ತು ಸಾವಿರ ಅದೇ ನಾಲ್ಕು ವರ್ಷಗಳಲ್ಲಿ ಮೂರೂವರೆ ಲಕ್ಷ ದಾಟುತ್ತದೆ, ಅಂದರೆ ಐದು ಪಟ್ಟು. ಸರ ಹೋದುದಕ್ಕೆ ಬೇಸರವಿದೆ, ಮಾರಿದ್ದಕ್ಕೆ ಇಲ್ಲ.

ಉಳಿದ ಕೈಸಾಲದಲ್ಲಿ ಐವತ್ತು ಸಾವಿರವನ್ನು ನಮ್ಮ ಬಡಾವಣೆಯ ಮಹಿಳಾ ಸ್ವಸಹಾಯ ಗುಂಪಿನಿಂದ ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಪಡೆದು ತೀರಿಸಿದೆ. ಸಾಲ ತೀರಿಸಲು ಸಾಲವೇ ಎಂದು ಹುಬ್ಬೇರಿಸುವವರಿಗೆ ನಾನು ಹೇಳುವುದಿಷ್ಟು: ಮೂರು ರೂಪಾಯಿ ಬಡ್ಡಿಯ ಜಾಗಕ್ಕೆ ಒಂದು ರೂಪಾಯಿ ಬಡ್ಡಿ ಬಂದರೆ ತಿಂಗಳಿಗೆ ಸಾವಿರ ರೂಪಾಯಿ ಉಳಿಯುತ್ತದೆ, ಹೊಸ ಹಣ ಬೇರೆ ಯಾವುದಕ್ಕೂ ಹೋಗಬಾರದು ಎಂಬ ಷರತ್ತಿನೊಂದಿಗೆ. ಹೆಚ್ಚು ಬಡ್ಡಿಯದು ಮೊದಲು, ಕಡಿಮೆ ಬಡ್ಡಿಯದು ಕೊನೆಗೆ ಎಂಬ ಕ್ರಮವನ್ನು, ತಿಂಗಳ ಕಂತು ನಿಗದಿಯಾಗಿದ್ದ ಬ್ಯಾಂಕಿನ ಸಾಲವನ್ನು ಹೊರತುಪಡಿಸಿ, ಕೊನೆಯವರೆಗೂ ಬಿಡಲಿಲ್ಲ. ಅದಕ್ಕೆ ಇನ್ನೊಂದು ಅಪವಾದ, ಬೀದಿಯ ತುದಿಯ ದಿನಸಿ ಅಂಗಡಿಯ ಎಂಟು ಸಾವಿರ ಉದ್ರಿ. ಅದಕ್ಕೆ ಬಡ್ಡಿ ಇರಲಿಲ್ಲ. ಆದರೆ ಮಗಳು ಆ ಅಂಗಡಿಯ ಮುಂದೆ ಹೋಗಲು ಹಿಂಜರಿದು ಸುತ್ತು ಬಳಸಿ ಶಾಲೆಗೆ ಹೋಗುತ್ತಿದ್ದಾಳೆಂದು ತಿಳಿದ ಮೇಲೆ ಆ ಬಾಕಿಯನ್ನೇ ಎಲ್ಲಕ್ಕಿಂತ ಮೊದಲು ತೀರಿಸಿದೆವು. ನಾವು ಹೇಳದಿದ್ದರೂ ಅವಳಿಗೆ ಗೊತ್ತಿತ್ತು ಎಂಬುದು ನಮಗೆ ತಿಳಿದದ್ದೂ ಅಂದೇ.

ಎರಡನೆಯ ಉಳಿತಾಯ ಮುಯ್ಯಿಯಲ್ಲಿ. ನಮ್ಮ ಕಡೆ ಮದುವೆ, ಗೃಹಪ್ರವೇಶ, ನಾಮಕರಣ ಎಂದರೆ ಹೋಗುವುದು, ಹೋದಮೇಲೆ ಅವರು ನಮಗೆ ಮಾಡಿದ್ದಕ್ಕೆ ಸರಿಸಮವಾಗಿ ಮಾಡುವುದು. ಹಳೆಯ ಮುಯ್ಯಿ ಪುಸ್ತಕ ತೆಗೆದು ಕೂಡಿದಾಗ ಒಂದೇ ವರ್ಷದಲ್ಲಿ 19,400 ರೂಪಾಯಿ ಕೊಟ್ಟಿದ್ದೆವು. ಬಸ್ಸಿನ ಖರ್ಚು, ಹೊಸ ಸೀರೆ ಬೇರೆ. ಸಾಲದಲ್ಲಿದ್ದೇವೆಂದು ಯಾರಿಗೂ ತಿಳಿಯಬಾರದೆಂಬ ಹಟದಿಂದ ಸಾಲವಿದ್ದ ಕಾಲದಲ್ಲಿ ಅದು ಇನ್ನೂ ಹೆಚ್ಚಿತ್ತು. ಹತ್ತಿರದ ನಾಲ್ಕು ಮನೆಗಳಿಗೆ ನಾವೇ ಹೋಗಿ ಇದ್ದ ವಿಷಯ ಹೇಳಿದೆವು. ಆ ಸಂಜೆಗಳು ಕಷ್ಟದವು. ನಂತರ ಸಮಾರಂಭಗಳಿಗೆ ಹಿಂದಿನ ರಾತ್ರಿಯೇ ಹೋಗಿ ತರಕಾರಿ ಹೆಚ್ಚಿ, ಮರುದಿನ ಪಂಕ್ತಿಗೆ ಬಡಿಸಿ, ನೂರಾ ಒಂದು ರೂಪಾಯಿ ಮತ್ತು ತೆಂಗಿನಕಾಯಿ ಕೊಟ್ಟು ಬರಲಾರಂಭಿಸಿದೆವು. ಅಡುಗೆಯವರಿಗೇ ಎಲ್ಲವನ್ನೂ ವಹಿಸುವ ಪದ್ಧತಿ ಬರುವ ಮೊದಲು ಮಲೆನಾಡಿನ ಮನೆಗಳಲ್ಲಿ ನಡೆಯುತ್ತಿದ್ದುದೂ ಹೀಗೆಯೇ. ಒಬ್ಬಿಬ್ಬರು ಮಾತನಾಡಿಕೊಂಡರು, ಉಳಿದವರಲ್ಲಿ ಇಬ್ಬರು ತಮ್ಮ ಮನೆಯ ಸಾಲದ ಕಥೆಯನ್ನು ನಮಗೇ ಹೇಳಿದರು.

ಶಾಲೆಯ ವಿಷಯದಲ್ಲಿ ನನಗೆ ಇಂದಿಗೂ ಪೂರ್ತಿ ಸಮಾಧಾನವಿಲ್ಲ. ಮಗಳು ನಾಲ್ಕನೇ ತರಗತಿಯಲ್ಲಿ, ಖಾಸಗಿ ಶಾಲೆಯಲ್ಲಿದ್ದಳು. ಅವಳನ್ನು ಅಲ್ಲೇ ಉಳಿಸಿ, ಶುಲ್ಕವನ್ನು ನಾಲ್ಕು ಕಂತುಗಳಲ್ಲಿ ಕಟ್ಟಲು ಒಪ್ಪಿಗೆ ಪಡೆದೆವು. ಮಗನನ್ನು ಮಾತ್ರ ಒಂದನೇ ತರಗತಿಗೆ ಸರ್ಕಾರಿ ಶಾಲೆಗೆ ಸೇರಿಸಿದೆವು. ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟ, ಹಾಲು ಎಲ್ಲವೂ ಅಲ್ಲಿ ಸಿಗುತ್ತದೆ, ಅವನಿಗೆ ಸಿಕ್ಕ ಶಿಕ್ಷಕಿಯಂತೂ ಓದಿಸುವುದನ್ನು ವ್ರತದಂತೆ ಮಾಡುವವರು. ಆದರೂ ಒಂದೇ ಮನೆಯಲ್ಲಿ ಎರಡು ಬಗೆಯ ಬೂಟು, ಎರಡು ಬಗೆಯ ಚೀಲ. "ಅಕ್ಕನಿಗೆ ಮಾತ್ರ ಯಾಕೆ?" ಎಂದು ಅವನು ಕೇಳಿದಾಗ, ಗೆಳತಿಯರನ್ನು ಬಿಟ್ಟುಬರುವುದು ಅವಳಿಗೆ ಕಷ್ಟ, ನಿನಗೆ ಇನ್ನೂ ಗೆಳೆಯರೇ ಆಗಿಲ್ಲ ಎಂದು ಇದ್ದುದನ್ನೇ ಹೇಳಿದೆ. ಅವನು ಒಪ್ಪಿದನೋ ಸುಮ್ಮನಾದನೋ ನನಗೆ ತಿಳಿಯಲಿಲ್ಲ.

ಸರ್ಕಾರದ ಗ್ಯಾರಂಟಿಗಳಿಂದಲೇ ಸಾಲ ತೀರಿತೇ ಎಂದೂ ಕೆಲವರು ಕೇಳುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ 2023ರ ಆಗಸ್ಟ್‌ನಲ್ಲಿ ಆರಂಭವಾದ ಮೇಲೆ ಬಂದ ಕಂತುಗಳನ್ನೆಲ್ಲ ಒಡವೆ ಸಾಲಕ್ಕೇ ಕಟ್ಟಿದ್ದೇನೆ, ಅದರಿಂದ ನಿಜಕ್ಕೂ ಸಹಾಯವಾಯಿತು. ಗೃಹಜ್ಯೋತಿಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ನಿಗದಿಪಡಿಸಿದ್ದರಿಂದ, ಆಗಲೇ ಗೀಸರ್ ನಿಲ್ಲಿಸಿದ್ದ ನಮಗೆ ಸಿಕ್ಕ ಪಾಲು ಚಿಕ್ಕದು. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ತವರಿನಿಂದ ಬರುತ್ತಿದ್ದ ಅಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯನ್ನು ನಾನು ಉಳಿತಾಯದ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಅಮ್ಮ ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ದುಡಿದದ್ದು.

ಇನ್ನು ಮಕ್ಕಳು. ದಿನಸಿ ಅಂಗಡಿಯ ಪ್ರಸಂಗದ ನಂತರ ನಾವು ಲೆಕ್ಕದ ಪುಸ್ತಕವನ್ನು ಅವರ ಮುಂದೆಯೇ ಬರೆಯತೊಡಗಿದೆವು. ಪ್ರತಿ ತಿಂಗಳ ಐದನೇ ತಾರೀಖು ಊಟವಾದ ಮೇಲೆ, ಬಂದದ್ದೆಷ್ಟು, ಸಾಲಕ್ಕೆ ಹೋದದ್ದೆಷ್ಟು, ಬಾಕಿ ಎಷ್ಟು ಎಂಬ ಮೂರು ಸಾಲು. ಚಿಕ್ಕವರ ತಲೆಗೆ ಭಾರ ಹೊರಿಸಿದಿರಿ ಎಂದು ನನ್ನ ಅಣ್ಣ ಆಕ್ಷೇಪಿಸಿದ, ಆ ಮಾತಿನಲ್ಲಿ ಸತ್ಯವಿದೆ. 2023ರ ಡಿಸೆಂಬರ್‌ನಲ್ಲಿ ಶಾಲೆಯಿಂದ ಹಂಪಿ, ಬಾದಾಮಿಗೆ ಪ್ರವಾಸ ಹೊರಟಾಗ 3,200 ರೂಪಾಯಿ ಎಂಬ ಚೀಟಿಯನ್ನು ಮಗಳು ನಮಗೆ ತೋರಿಸಲೇ ಇಲ್ಲ; ತನಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ ಎಂದು ಶಿಕ್ಷಕರಿಗೆ ತಾನೇ ಹೇಳಿ ಬಂದಿದ್ದಳು. ತಿಂಗಳ ನಂತರ ಬೇರೆ ತಾಯಿಯೊಬ್ಬರಿಂದ ನನಗೆ ಈ ವಿಷಯ ತಿಳಿಯಿತು. ಪ್ರವಾಸದ ಹಣವನ್ನು ನಾವು ಕೊಡಬಹುದಿತ್ತು. ಬೇಕಾದದ್ದನ್ನು ಕೇಳುವುದು ತಪ್ಪಲ್ಲ, ಕೊಡಬೇಕೋ ಬೇಡವೋ ಎಂದು ನಿರ್ಧರಿಸುವುದು ದೊಡ್ಡವರ ಕೆಲಸ ಎಂದು ಅವಳಿಗೆ ನಾವು ಹೇಳಿಕೊಟ್ಟಿರಲಿಲ್ಲ. ಆಮೇಲೆ ಪುಸ್ತಕಕ್ಕೆ ನಾಲ್ಕನೆಯ ಸಾಲು ಸೇರಿತು: ಈ ತಿಂಗಳು ಯಾರಿಗೆ ಏನು ಬೇಕು. ಇಬ್ಬರೂ ಬರೆಯಲೇಬೇಕು. ಸಿಗುವುದೋ ಇಲ್ಲವೋ ನಂತರದ ಮಾತು.

ಒಡವೆಗಳು 2024ರ ಮಧ್ಯದಲ್ಲಿ ಮನೆಗೆ ಬಂದವು. ಬ್ಯಾಂಕಿನ ಸಾಲ ಕಂತಿನ ಪ್ರಕಾರ 2025ರ ಮೇ ತಿಂಗಳಿಗೆ ಮುಗಿಯಬೇಕಿತ್ತು. ಅವಧಿಗೆ ಮುನ್ನ ಕಟ್ಟಿದರೆ ಎಷ್ಟು ಶುಲ್ಕ ಹಾಕುತ್ತಾರೆ ಎಂದು ಮೊದಲೇ ವಿಚಾರಿಸಿ, ಉಳಿಯುವ ಬಡ್ಡಿಯೊಂದಿಗೆ ಹೋಲಿಸಿ ನೋಡಿ, ಜನವರಿಯಲ್ಲೇ ಮುಗಿಸಿದೆವು. ಕಂತಿನ 9,800 ರೂಪಾಯಿಯನ್ನು ಈಗಲೂ ಐದನೇ ತಾರೀಖೇ ತೆಗೆದಿಡುತ್ತೇವೆ, ಮಗಳ ಪಿಯುಸಿಗೆಂದು ಆರ್‌ಡಿ ಖಾತೆಗೆ ಅದರಲ್ಲಿ ಆರು ಸಾವಿರ ಹೋಗುತ್ತದೆ. ಪುಸ್ತಕ ನಿಂತಿಲ್ಲ. ಕಳೆದ ಅಕ್ಟೋಬರ್ ಪುಟದ ನಾಲ್ಕನೆಯ ಸಾಲಿನಲ್ಲಿ ಮಗನ ಅಕ್ಷರದಲ್ಲಿ ಕ್ರಿಕೆಟ್ ಬ್ಯಾಟು, ಅದರ ಕೆಳಗೆ ಮಗಳ ಅಕ್ಷರದಲ್ಲಿ ಮೈಸೂರು ಪ್ರವಾಸ, 3,600 ಎಂದಿದೆ.