ಮಳೆಯಲ್ಲಿ ಬೆಟ್ಟದ ದಾರಿಗೆ ಟೂರ್ ಬಸ್ ಮಾಡಿಕೊಂಡು ಹೊರಡುವವರಿಗೆ

ಬಸ್ಸು ಜಾರಿದ್ದು ಹೆಚ್ಚೆಂದರೆ ಎರಡು ಸೆಕೆಂಡು. ನಾನು ಎಡಗಡೆಯ ನಾಲ್ಕನೇ ಸೀಟಿನಲ್ಲಿದ್ದೆ. ಮುಂದಿನ ಗಾಜಿನಲ್ಲಿ ರಸ್ತೆ ಕಾಣಬೇಕಾದಲ್ಲಿ ಗುಡ್ಡದ ಕೆಮ್ಮಣ್ಣು ಕಂಡಿತು, ಹಿಂದೆ ಯಾರೋ ಚೀರಿದರು, ಎಡಗಡೆಯ ಚಕ್ರಗಳು ಚರಂಡಿಗೆ ಇಳಿದು ಬಸ್ಸು ವಾಲಿಕೊಂಡು ನಿಂತಿತು. ಬಲಗಡೆ ಇದ್ದದ್ದು ಪ್ರಪಾತ. ಮೂವತ್ತೆಂಟು ಜನರಲ್ಲಿ ಇಬ್ಬರ ಹಣೆಗೆ ಹೊಲಿಗೆ ಬಿತ್ತು, ಒಬ್ಬರ ಮಣಿಕಟ್ಟು ಮುರಿಯಿತು. ಬಸ್ಸು ಎಡಕ್ಕೆ ಜಾರಿತ್ತು ಅನ್ನುವ ಒಂದೇ ಕಾರಣಕ್ಕೆ ಅಷ್ಟರಲ್ಲಿ ಮುಗಿಯಿತು.

ಆಮೇಲೆ ಸಿಕ್ಕಿದವರೆಲ್ಲ ಒಂದೇ ಮಾತು ಹೇಳಿದರು: 'ಮಳೆ ನೋಡಿ, ಯಾರೇನು ಮಾಡೋಕಾಗುತ್ತೆ.' ಈ ಮಾತನ್ನು ನಾನು ಒಪ್ಪುವುದಿಲ್ಲ. ಮಳೆ ಬೆಳಗಿನಿಂದಲೂ ಸುರಿಯುತ್ತಿತ್ತು, ಯಾರಿಗೂ ತಿಳಿಯದೆ ಬಂದದ್ದಲ್ಲ. ಅದೇ ದಾರಿಯಲ್ಲಿ ನಮಗಿಂತ ಮುಂಚೆ ಎರಡು ಬಸ್ಸುಗಳು ನಿಧಾನವಾಗಿ ಇಳಿದು ಹೋಗಿದ್ದವು. ಮಳೆಗಾಲದಲ್ಲಿ ಹೋಗಲೇಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ, ನಾನು ಮತ್ತೆ ಹೋಗುವವನೇ. ಆದರೆ ಹೋಗುವ ಮುಂಚೆ ನಾವು ಕೇಳದೇ ಬಿಟ್ಟದ್ದನ್ನು ನೀವು ಕೇಳಬೇಕು, ನಾವು ಮಾಡಿದ್ದನ್ನು ನೀವು ಮಾಡಬಾರದು.

ಬಸ್ ಗೊತ್ತು ಮಾಡುವಾಗ ನಾವು ಕೇಳಿದ್ದು ಮೂರೇ ಪ್ರಶ್ನೆ. ಎಸಿ ಇದೆಯಾ, ಸೀಟು ಹಿಂದಕ್ಕೆ ಬಾಗುತ್ತಾ, ಒಟ್ಟು ಎಷ್ಟಾಗುತ್ತೆ. ಡ್ರೈವರ್ ಎಷ್ಟು ಜನ ಎಂದು ಕೇಳಲಿಲ್ಲ. ಇಬ್ಬರು ಬರುತ್ತಾರೆ ಎಂದು ಟೂರ್ ಏಜೆಂಟರು ತಾವಾಗಿಯೇ ಹೇಳಿದ್ದರು, ಹೊರಡುವ ಹೊತ್ತಿಗೆ ಬಂದದ್ದು ಒಬ್ಬರೇ. ಹಿಂದಿನ ರಾತ್ರಿ ಅವರು ಬೇರೆ ಗುಂಪನ್ನು ಇಳಿಸಿ ಬಂದಿದ್ದರಂತೆ. ನಮಗದು ಗೊತ್ತಾದದ್ದು ಚರಂಡಿಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾಗ.

ಹಾಗಾಗಿ ಮೊದಲ ಪ್ರಶ್ನೆ ನಿದ್ದೆಯದ್ದಾಗಿರಲಿ. 'ನಿನ್ನೆ ರಾತ್ರಿ ಎಲ್ಲಿದ್ರಿ, ಮಲಗಿದ್ರಾ?' ಎಂದು ಡ್ರೈವರನ್ನು ನೇರವಾಗಿ, ಮರ್ಯಾದೆಯಿಂದ ಕೇಳಿ. ಹೀಗೆ ಕೇಳಿದ್ದಕ್ಕೆ ಒಳ್ಳೆಯ ಡ್ರೈವರ್ ಯಾರೂ ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಯೂರೋಪಿನ ನಿಯಮದಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಅಮೆರಿಕದಲ್ಲಿ ಪ್ರಯಾಣಿಕರ ಬಸ್ ಓಡಿಸುವವರಿಗೆ ಸತತ 8 ಗಂಟೆ ಬಿಡುವಿನ ನಂತರ 10 ಗಂಟೆ ಚಾಲನೆಯ ಮಿತಿ. ಭಾರತದಲ್ಲಿ 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ನಿಮ್ಮ ಕಾರ್ಯಕ್ರಮದ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಲೆಕ್ಕ ಹಾಕಿ ನೋಡಿ. ರಾತ್ರಿಯಿಡೀ ಓಡಿಸಿ, ಹಗಲೆಲ್ಲ ಜಾಗ ತೋರಿಸಿ, ಸಂಜೆ ಮಳೆಯಲ್ಲಿ ಬೆಟ್ಟ ಇಳಿಸುವ ಪಟ್ಟಿ ಒಬ್ಬ ಡ್ರೈವರಿಗೆ ಯಾವ ಕಾನೂನಿನಲ್ಲೂ ಕೂರುವುದಿಲ್ಲ. ಮಳೆಯಲ್ಲಿ ಓಡಿಸುವುದು ಒಣ ರಸ್ತೆಗಿಂತ ಬೇಗ ದಣಿಸುತ್ತದೆ. ಕಣ್ಣು ಒಂದು ಕ್ಷಣ ಆಚೀಚೆ ಹೋಗುವಂತಿಲ್ಲ, ವೈಪರ್ ಸದ್ದು ನಿಲ್ಲುವುದಿಲ್ಲ.

ಎರಡನೆಯದು ಟೈರು. ನಮ್ಮ ಬಸ್ಸಿನ ಮುಂದಿನ ಟೈರುಗಳು ಚೆನ್ನಾಗಿದ್ದವು, ಹತ್ತುವಾಗ ಕಣ್ಣಿಗೆ ಬೀಳುವುದು ಅವೇ. ಹಿಂದೆ ಒಂದೊಂದು ಬದಿಗೂ ಜೋಡಿ ಟೈರು ಇರುತ್ತದೆ. ಅದರಲ್ಲಿ ಒಳಗಿನದು ಬಗ್ಗಿ ಟಾರ್ಚ್ ಬಿಡದೆ ಕಾಣುವುದಿಲ್ಲ. ಬಸ್ಸನ್ನು ಎತ್ತಲು ಬಂದ ಮೆಕ್ಯಾನಿಕ್ ತೋರಿಸಿದಾಗ ನೋಡಿದರೆ ಒಳಗಿನ ಎರಡೂ ಟೈರು ಬೋಳಾಗಿದ್ದವು. ಟೈರಿನ ಮೈಮೇಲೆ ಕೊರೆದ ತೋಡುಗಳು ಇರುವುದೇ ಕೆಳಗೆ ಸಿಕ್ಕಿದ ನೀರನ್ನು ಪಕ್ಕಕ್ಕೆ ಚಿಮ್ಮಿಸಿ ರಬ್ಬರು ರಸ್ತೆಯನ್ನು ಮುಟ್ಟುವಂತೆ ಮಾಡಲು. ಅವು ಸವೆದರೆ ಟೈರು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಸ್ಟೇರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಬಸ್ಸಿಗೆ ಕೇಳಿಸುವುದಿಲ್ಲ. ಭಾರ ಹೆಚ್ಚಿರುವ ಬಸ್ಸು ಕಾರಿನಷ್ಟು ಸುಲಭವಾಗಿ ತೇಲುವುದಿಲ್ಲ ನಿಜ, ಆದರೆ ಟೈರು ಬೋಳಾಗಿದ್ದು ಗಾಳಿಯೂ ಕಡಿಮೆ ಇದ್ದರೆ ಆ ಭಾರ ಕೈಹಿಡಿಯುವುದಿಲ್ಲ.

ಅಳೆಯಲು ಸಲಕರಣೆ ಬೇಕಿಲ್ಲ. ತೋಡಿನ ಒಳಗೆ ಅಲ್ಲಲ್ಲಿ ಅಡ್ಡವಾಗಿ ಸಣ್ಣ ರಬ್ಬರ್ ಉಬ್ಬು ಇರುತ್ತದೆ. ಟೈರಿನ ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಆ ಟೈರಿನ ಕಾಲ ಮುಗಿದಿದೆ. ಅಮೆರಿಕದ ನಿಯಮ ಬಸ್ಸಿನ ಮುಂದಿನ ಟೈರಿಗೆ ಸುಮಾರು 3.2 ಮಿಲಿಮೀಟರ್ ಆಳವನ್ನೂ ಉಳಿದವಕ್ಕೆ 1.6 ಮಿಲಿಮೀಟರ್ ಆಳವನ್ನೂ ಕೇಳುತ್ತದೆ. ಮುಂದಿನ ಚಕ್ರಕ್ಕೆ ರೀಟ್ರೆಡ್ ಟೈರು, ಅಂದರೆ ಸವೆದ ಟೈರಿಗೆ ಹೊಸ ರಬ್ಬರು ಕೂರಿಸಿದ್ದು, ಹಾಕುವುದನ್ನೇ ನಿಷೇಧಿಸುತ್ತದೆ. ಹೊರಡುವ ಮುಂಚೆ ಐದು ನಿಮಿಷ ಬಗ್ಗಿ ನೋಡಿ. ಟೈರು ಸರಿಯಿಲ್ಲದಿದ್ದರೆ ಬೇರೆ ಬಸ್ ಕೊಡಿ ಎಂದು ಅಲ್ಲೇ ನಿಂತು ಕೇಳಿ. ಸಾಮಾನು ಏರಿಸಿ, ಎಲ್ಲರೂ ಕೂತ ಮೇಲೆ ಆ ಧೈರ್ಯ ಯಾರಿಗೂ ಬರುವುದಿಲ್ಲ. ಅದೇ ಹೊತ್ತಿಗೆ ವೈಪರ್ ಹಾಕಿಸಿ ನೋಡಿ, ಹೆಡ್‌ಲೈಟ್, ಹಿಂದಿನ ಕೆಂಪು ದೀಪ ಹತ್ತಿಸಲು ಹೇಳಿ. ಫಿಟ್‌ನೆಸ್, ವಿಮೆಯ ಪತ್ರದ ದಿನಾಂಕ ನೋಡಿ.

ಇನ್ನು ನಮ್ಮ ಪಾಲಿನದು. ಅಂದು ಬೆಳಗ್ಗೆ ಏಳಕ್ಕೆ ಹೊರಡಬೇಕಿದ್ದ ಬಸ್ಸು ಹೊರಟಿದ್ದು ಎಂಟೂವರೆಗೆ, ತಡ ಮಾಡಿದವರು ನಾವೇ. ಆ ಒಂದೂವರೆ ಗಂಟೆಯನ್ನು ಮಧ್ಯಾಹ್ನದವರೆಗೂ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಂಜೆ ಹತ್ತಿರವಾದಂತೆ ಎಲ್ಲರಿಗೂ ಅದು ನೆನಪಾಯಿತು. ಟೂರ್ ಏಜೆಂಟರು ಡ್ರೈವರಿಗೆ ಎರಡು ಸಲ ಫೋನ್ ಮಾಡಿದರು. ನಾನೇ ಕ್ಯಾಬಿನ್ನಿಗೆ ಹೋಗಿ 'ಅಣ್ಣಾ, ಕತ್ತಲಾಗೋದ್ರೊಳಗೆ ತಲುಪ್ತೀವಾ?' ಎಂದೆ. ಅವರು ತಿರುಗದೆ 'ತಲುಪಿಸ್ತೀನಿ ಬಿಡಿ ಸಾರ್' ಎಂದರು. ಅರ್ಧ ಗಂಟೆಯಲ್ಲಿ ಬಸ್ಸು ಚರಂಡಿಯಲ್ಲಿತ್ತು. ಆ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಸ್ಟೇರಿಂಗ್ ಹಿಡಿದವರು ಅವರು, ವೇಗ ಅವರ ಜವಾಬ್ದಾರಿ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ನಿಯಮ ವಾಣಿಜ್ಯ ವಾಹನದ ಡ್ರೈವರಿಗೆ ಹೇಳುವುದೂ ಇದನ್ನೇ: ಮಳೆ, ಮಂಜಿನಿಂದ ಕಾಣುವುದು ಅಥವಾ ರಸ್ತೆಯ ಹಿಡಿತ ಕೆಟ್ಟರೆ ವೇಗ ತಗ್ಗಿಸಬೇಕು, ತೀರಾ ಅಪಾಯವಾದರೆ ಓಡಿಸುವುದನ್ನೇ ನಿಲ್ಲಿಸಬೇಕು. ಆದರೆ ನಿಲ್ಲಿಸಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬ ಹೆದರಿಕೆ ಹಿಂದಿನ ಸೀಟುಗಳಿಂದ ಬರುತ್ತಿದ್ದರೆ ಆ ನಿಯಮ ಪಾಲಿಸುವುದು ಕಷ್ಟ. ಆ ಹೆದರಿಕೆಯನ್ನು ಹೊರಡುವ ಮುಂಚೆಯೇ ತೆಗೆಯಬೇಕಾದವರು ನಾವು. 'ಮಳೆ ಜೋರಾದ್ರೆ ನಿಲ್ಸಿ, ಒಂದು ಜಾಗ ತಪ್ಪಿದ್ರೂ ಪರವಾಗಿಲ್ಲ' ಎಂದು ಎಲ್ಲರೆದುರು ಹೇಳಿಬಿಡಿ, ಏಜೆಂಟರಿಗೂ ಕೇಳಿಸುವಂತೆ. ಪಟ್ಟಿ ಮಾಡುವಾಗಲೇ ಬೆಟ್ಟ ಇಳಿಯುವ ಭಾಗ ಹಗಲು ಬೆಳಕಿನಲ್ಲಿ ಮುಗಿಯುವಂತೆ ಇಡಿ. ದಿನಕ್ಕೆ ಒಂದು ಜಾಗ ಕಡಿಮೆ ಮಾಡಿದರೆ ಸಾಕು.

ವೇಗದ ಲೆಕ್ಕವನ್ನು ನಾನು ಆಮೇಲೆ ಕೂತು ಹಾಕಿದೆ. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಹೋಗುತ್ತದೆ. ಡ್ರೈವರಿನ ಕಾಲು ಬ್ರೇಕ್ ತಲುಪುವಷ್ಟರಲ್ಲೇ ಬಸ್ಸಿನ ಉದ್ದಕ್ಕಿಂತ ಹೆಚ್ಚು ದೂರ ಮುಗಿದಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಬೇಕಾದ ದೂರ ಒಣ ರಸ್ತೆಯ ಎರಡರಷ್ಟಾಗಬಹುದು. ಅಮೆರಿಕದಲ್ಲಿ ಭಾರಿ ವಾಹನದ ಲೈಸೆನ್ಸಿಗೆ ಓದುವ ಕೈಪಿಡಿ ಒದ್ದೆ ರಸ್ತೆಯಲ್ಲಿ ವೇಗವನ್ನು ಮೂರನೇ ಒಂದು ಭಾಗ ಇಳಿಸಲು ಹೇಳುತ್ತದೆ. 60 ಇದ್ದದ್ದು 40 ಆದರೆ ಬ್ರೇಕು ಹೀರಬೇಕಾದ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ತಿರುವಿನಲ್ಲಿ ಬಸ್ಸನ್ನು ಹೊರಕ್ಕೆ ತಳ್ಳುವ ಬಲವೂ ಅಷ್ಟೇ ಇಳಿಯುತ್ತದೆ.

2003ರ ಫೆಬ್ರವರಿ 14ರಂದು ಅಮೆರಿಕದ ಟೆಕ್ಸಾಸ್‌ನ ಹ್ಯೂಯಿಟ್ ಎಂಬಲ್ಲಿ ನಡೆದ ಬಸ್ ಅಪಘಾತದ ಬಗ್ಗೆ ಓದಿದಾಗ ನಮ್ಮದೇ ಕಥೆ ಎನಿಸಿತು. ಮಳೆ, ಒದ್ದೆ ಹೆದ್ದಾರಿ. ಮುಂದೆ ವಾಹನಗಳು ಸಾಲಾಗಿ ನಿಂತದ್ದು ಡ್ರೈವರಿಗೆ ಕಾಣುವುದು ತಡವಾಯಿತು. ಬ್ರೇಕ್ ಒತ್ತಿದಾಗ ಬಸ್ಸು ಜಾರಿ ವಿಭಜಕ ದಾಟಿ ಎದುರಿನ ವಾಹನಕ್ಕೆ ಬಡಿಯಿತು. 7 ಜನ ಸತ್ತರು. ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಲಾಗುವ ವೇಗದಲ್ಲಿ ಮಾತ್ರ ಹೋಗಬೇಕು ಎನ್ನುವುದು ಇದಕ್ಕೇ.

ಹಿಂದಿನ ಸೀಟಿನಲ್ಲಿ ಕೂತವರಿಗೂ ಕೆಲವು ಸಂಗತಿ ಗೊತ್ತಾಗುತ್ತವೆ. ಮುಂದಿನ ವಾಹನ ಒಂದು ಮರವನ್ನೋ ಕಂಬವನ್ನೋ ದಾಟಿದಾಗ ಎಣಿಸಲು ಶುರು ಮಾಡಿ, ನಿಮ್ಮ ಬಸ್ಸು ಅಲ್ಲಿಗೆ ಬರುವಾಗ ಕನಿಷ್ಠ ನಾಲ್ಕು ಸೆಕೆಂಡು ಆಗಿರಲಿ. ಡ್ರೈವರ್ ಒಂದು ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದರೆ ಕಾಣುವುದು ಸಾಲುತ್ತಿಲ್ಲ ಎಂದರ್ಥ. ಒದ್ದೆ ಬಟ್ಟೆಯ ಮೂವತ್ತು ನಲವತ್ತು ಜನ ಒಳಗಿದ್ದರೆ ಗಾಜಿಗೆ ಹಬೆ ಕಟ್ಟುವುದು ಸಹಜ. ಎಸಿ ಗಾಳಿಯನ್ನು ಮುಂದಿನ ಗಾಜಿಗೆ ಬಿಟ್ಟರೆ ಹೋಗುತ್ತದೆ, ಚಳಿಯಾಗುತ್ತದೆ ಎಂದು ಎಸಿ ಆರಿಸಲು ಹೇಳಬೇಡಿ. ಇಳಿಜಾರಿನಲ್ಲಿ ಎಂಜಿನ್ ಸದ್ದು ಇಲ್ಲದೆ ಬಸ್ಸು ಹಗುರವಾಗಿ ಓಡುತ್ತಿದೆ ಎನಿಸಿದರೆ ಗೇರ್ ಬಿಟ್ಟು ನ್ಯೂಟ್ರಲ್ ಮಾಡಿರಬಹುದು, ಆಗ ಬಸ್ಸನ್ನು ತಡೆಯಲು ಬ್ರೇಕ್ ಒಂದೇ. ರಬ್ಬರು ಸುಟ್ಟಂಥ ವಾಸನೆ ಬಂದರೆ ಬ್ರೇಕ್ ಕಾದಿದೆ. ಈ ಎರಡರಲ್ಲಿ ಯಾವುದಾದರೂ ಗೊತ್ತಾದರೆ ಕೂಡಲೇ ಹೇಳಿ, ಒಬ್ಬರೇ ಹೋಗಿ ಮೆಲ್ಲಗೆ ಹೇಳಿ. ಹತ್ತು ಜನ ಕೂಗಿದರೆ ಡ್ರೈವರ್ ತಿರುಗಿ ನೋಡುತ್ತಾರೆ, ಅದೇ ಇನ್ನೊಂದು ಅಪಾಯ. ಬಹಳ ದಿನ ಒಣಗಿದ್ದ ರಸ್ತೆಗೆ ಮಳೆ ಬಿದ್ದ ಮೊದಲ ಹೊತ್ತಿನಲ್ಲಿ ಎಣ್ಣೆ, ಧೂಳು ನೀರಿಗೆ ಸೇರಿ ಜಾರಿಕೆ ವಿಪರೀತ. 'ಈಗ ತಾನೇ ಹನಿ ಶುರುವಾಯ್ತು' ಎಂದು ನಿಶ್ಚಿಂತೆಯಿಂದಿರುವ ಹೊತ್ತು ಅದಲ್ಲ.

ಬೆಲ್ಟ್ ಇದ್ದರೆ ಹಾಕಿಕೊಳ್ಳಿ, ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ಎಳೆದು ತೆಗೆದು ಹಾಕಿಕೊಳ್ಳಿ. ಬಸ್ಸು ಮಗುಚಿದಾಗ ಹೆಚ್ಚು ಜೀವ ಹೋಗುವುದು ಹೊರಗೆ ಎಸೆಯಲ್ಪಟ್ಟವರದು. ಅಮೆರಿಕ ತನ್ನ ಹೊಸ ದೊಡ್ಡ ಪ್ರವಾಸಿ ಬಸ್ಸುಗಳಿಗೆ 2016ರ ನವೆಂಬರ್‌ನಿಂದ ಸೊಂಟ ಮತ್ತು ಭುಜದ ಬೆಲ್ಟನ್ನು ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಹಣೆ ಒಡೆದವರಿಬ್ಬರೂ ಬೆಲ್ಟ್ ಹಾಕಿರಲಿಲ್ಲ, ಮಣಿಕಟ್ಟು ಮುರಿದವರು ಆಗ ಎದ್ದು ನಿಂತು ಮೇಲಿನ ಬ್ಯಾಗ್ ತೆಗೆಯುತ್ತಿದ್ದರು. ತುರ್ತು ಬಾಗಿಲು ಯಾವ ಕಡೆಗಿದೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ಕೂತ ಕೂಡಲೇ ನೋಡಿಟ್ಟುಕೊಳ್ಳಿ. ನಮ್ಮ ಬಸ್ಸಿನ ತುರ್ತು ಬಾಗಿಲಿಗೆ ಬ್ಯಾಗುಗಳನ್ನು ಒಟ್ಟಿದ್ದೆವು.

ಕೆಳಗಿಳಿದ ಮೇಲೂ ಒಂದು ತಪ್ಪು ಮಾಡಿದೆವು. ಎಲ್ಲರೂ ಬಸ್ಸಿನ ಹಿಂದೆಯೇ, ತಿರುವಿನಲ್ಲಿ, ಗುಂಪಾಗಿ ನಿಂತೆವು. ಅದೇ ಮಳೆಯಲ್ಲಿ, ಅದೇ ತಿರುವಿಗೆ ಇನ್ನೊಂದು ವಾಹನ ಬರುತ್ತದೆ ಎನ್ನುವುದು ಹೊಳೆಯಲಿಲ್ಲ. ಒಂದು ಲಾರಿ ಬಂದು ಹಾರನ್ ಹೊಡೆದು ಹೇಗೋ ನಿಂತಿತು. ರಸ್ತೆ ಬಿಟ್ಟು, ಬಸ್ಸಿನಿಂದ ಮುಂದೆ ದೂರ ಹೋಗಿ ನಿಲ್ಲಬೇಕು, ಮಣ್ಣು ಕುಸಿಯುವಂತಿರುವ ಗುಡ್ಡದ ಬುಡದಲ್ಲಿ ಮಾತ್ರ ಬೇಡ. ತಿರುವಿಗಿಂತ ಹಿಂದೆಯೇ ಎಚ್ಚರಿಕೆಯ ತ್ರಿಕೋನ ಇಡಿಸಬೇಕು.

ಮರುದಿನ ಬೇರೆ ಬಸ್ಸು, ಬೇರೆ ಡ್ರೈವರ್ ಬಂದರು. ಐವತ್ತು ದಾಟಿದವರು, ಮಾತು ಕಡಿಮೆ. ಎಲ್ಲರೂ ಹತ್ತುವ ಮುಂಚೆ ಒಬ್ಬರೇ ಸುತ್ತು ಹಾಕಿ ಟೈರುಗಳನ್ನೆಲ್ಲ ಕೈಯಿಂದ ಮುಟ್ಟಿ ನೋಡಿದರು. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಇಳಿಸಿದರು. ಕೇಳಿದ್ದಕ್ಕೆ, 'ಇಳಿಯೋಕೆ ಶುರುವಾದ್ಮೇಲೆ ಗೇರ್ ಹುಡುಕಬಾರ್ದು ಸಾರ್. ಬರೀ ಬ್ರೇಕ್ ನಂಬ್ಕೊಂಡ್ರೆ ಅದು ಕಾದು ಬಿಸಿಯಾಗುತ್ತೆ' ಎಂದರು. ಬ್ರೇಕ್ ಒತ್ತದೆಯೇ ಬಸ್ಸಿನ ವೇಗ ತಗ್ಗಿಸುವ ರಿಟಾರ್ಡರ್ ಎಂಬ ಸಾಧನವನ್ನು ಆಫ್ ಮಾಡಿಟ್ಟಿದ್ದರು. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ, ಒದ್ದೆಯಲ್ಲಿ ಹಿಂಭಾಗ ಜಾರಬಹುದು ಎಂದು ವಿವರಿಸಿದರು. ಹಿಂದಿನಿಂದ ಕಾರುಗಳು ಹಾರನ್ ಹೊಡೆದರೆ ಅಗಲವಿದ್ದಲ್ಲಿ ಪಕ್ಕಕ್ಕೆ ಹಾಕಿ ಬಿಟ್ಟುಕೊಟ್ಟರು.

ಅರ್ಧ ದಾರಿಯಲ್ಲಿ ಒಂದು ತಗ್ಗಿನಲ್ಲಿ ರಸ್ತೆಯ ಮೇಲೆ ಹಳ್ಳ ಹರಿಯುತ್ತಿತ್ತು. ಮುಂದಿದ್ದ ಜೀಪೊಂದು ದಾಟಿಯೇಬಿಟ್ಟಿತು. ನಮ್ಮವರು ಬಸ್ಸನ್ನು ದೂರದಲ್ಲೇ ನಿಲ್ಲಿಸಿ, ಇಳಿದು ಹೋಗಿ, ನೀರು ನೋಡಿ ಬಂದರು. ಹರಿಯುವ ನೀರು ಎರಡು ಅಡಿ ಇದ್ದರೆ ಹೆಚ್ಚಿನ ವಾಹನಗಳನ್ನು ಎತ್ತಿಕೊಂಡು ಹೋಗಬಲ್ಲದು, ಅದಕ್ಕಿಂತ ಹೆಚ್ಚಾಗಿ ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಾಣುವುದಿಲ್ಲ.

'ಅಂಚಿನ ಕಲ್ಲು ಕಾಣ್ತಿಲ್ಲ. ಕಾಣೋವರೆಗೂ ಕೂತ್ಕೊಳ್ಳೋಣ' ಎಂದು ಕೀ ತಿರುಗಿಸಿ ಎಂಜಿನ್ ಆರಿಸಿದರು. ಒಂದು ಗಂಟೆ ನಲವತ್ತು ನಿಮಿಷ ಕೂತೆವು. ಎಷ್ಟು ಹೊತ್ತಾಗುತ್ತೆ ಎಂದು ಆ ದಿನ ಬಸ್ಸಿನಲ್ಲಿ ಯಾರೂ ಕೇಳಲಿಲ್ಲ.